ಎಲುಬೊಳಗಿನ ಮುದಿ ಸಿಪಾಯಿಗಳು

ವಯಸ್ಸಾದವರಿರುವ ಮನೆಯಲ್ಲಿ ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಎದ್ದರೆ ಒಂದು, ಕೂತರೆ ಒಂದು. ಈ ಸಲ ಶಿವರಾತ್ರಿ ಕಳೆದ ಮೇಲೆ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಅದರ ಬೆನ್ನಿಗೇ ಥಂಡಿ, ಕೆಮ್ಮು, ಜ್ವರ. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಕೂರುತ್ತಿತ್ತು.

ಅದೇ ಹೊತ್ತಿಗೆ ಮೊಮ್ಮಗಳ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುವೆ ಅಂದರೆ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಎದುರುಬದುರು ಕೂತು ಹಾಡಿನಲ್ಲೇ ಕೆಣಕಾಡಬೇಕು. ಉತ್ತರ ಹಾಡದವರು ಸೋತ ಹಾಗೆ. ಹಳದೀಪುರದ ನಮ್ಮ ಕೇರಿಯಲ್ಲಿ ಆ ಹಾಡು ಬಲ್ಲವಳು ಈಗ ನಾನೊಬ್ಬಳೇ. ಆದರೆ ಸೊಸೆ ಹೇಳಿಬಿಟ್ಟಳು: “ಅತ್ತೆ, ಮದುವೆ ಹೊತ್ತಿಗೆ ಮತ್ತೆ ಜ್ವರ ಬಂತೋ, ನೀವು ಚಪ್ಪರಕ್ಕೆ ಬರೂದೇ ಬೇಡ. ಕೋಣೆಯಲ್ಲೇ ಊಟ.”

ಇನ್ನು ನನ್ನ ಪಾಡು ಕೇಳಿ.

ಸಿಡಿಮಿಡಿ

ಕುಮಟೆಯ ಡಾಕ್ಟರನ್ನು ಕೇಳಿದೆ: “ಮುರಿದದ್ದು ಕೈ. ಜ್ವರಕ್ಕೂ ಕೈಗೂ ಎಂತ ಸಂಬಂಧ?”

“ಸಂಬಂಧ ಇದೆ ಅಮ್ಮ. ಎಲುಬಿನ ಒಳಗೆ ಮಜ್ಜೆ ಅಂತ ಇರ್ತದೆ. ರೋಗದ ಜೊತೆ ಹೊಡೆದಾಡುವ ಸಿಪಾಯಿಗಳು ಹುಟ್ಟೂದೇ ಅಲ್ಲಿ. ವಯಸ್ಸಾದ ಹಾಗೆ ಎಲುಬು ತೆಳ್ಳಗಾಗ್ತದೆ, ಸಿಪಾಯಿಗಳೂ ಮುದುಕರಾಗ್ತಾರೆ. ನಿಜವಾದ ವೈರಿ ಬಂದಾಗ ತಡವಾಗಿ ಏಳ್ತಾರೆ. ವೈರಿ ಇಲ್ಲದಾಗ ಸುಮ್ಮನೆ ಕೂರೂದೂ ಇಲ್ಲ. ದಿನವಿಡೀ ಸಿಡಿಮಿಡಿ ಮಾಡ್ತಾ ತಾವಿರುವ ಮನೆಯ ಗೋಡೆಯನ್ನೇ ಕೆರೀತಾರೆ. ಎಲುಬು ಇನ್ನಷ್ಟು ಸವೀತದೆ.”

ಡಾಕ್ಟರು ಹೇಳಿದ್ದು ಎಲುಬಿನ ಒಳಗಿನವರ ವಿಷಯ. ಜೊತೆಗೆ ಬಂದಿದ್ದ ಸೊಸೆ ತಿರುಗಿ ನೋಡಿದ್ದು, ಬಾಗಿಲ ಬಳಿ ಕೂತು ಫ್ಯಾನು ಜೋರಾಯಿತೆಂದು ಗೊಣಗುತ್ತಿದ್ದ ನಮ್ಮ ಯಜಮಾನರನ್ನು.

ಯಾರದು ಗಟ್ಟಿ

ಹೊನ್ನಾವರದಲ್ಲಿ ಎಲುಬು ತಪಾಸಣೆಯ ಶಿಬಿರ ಇತ್ತು. ಮಶೀನಿನೊಳಗೆ ಹಿಮ್ಮಡಿ ಇಟ್ಟರೆ ಎಲುಬು ಎಷ್ಟು ಗಟ್ಟಿ ಅಂತ ಹೇಳುತ್ತದೆ. ಅಲ್ಲಿನ ಹುಡುಗಿ ನನಗೆ “ಮೈನಸ್ ಎರಡು” ಅಂದಳು, ಯಜಮಾನರಿಗೆ “ಮೈನಸ್ ಮೂರು” ಅಂದಳು. ಇವರು ಮೈನಸ್ಸನ್ನು ಅಲ್ಲೇ ಬಿಟ್ಟು ಮೂರನ್ನು ಮಾತ್ರ ಹಿಡಿದುಕೊಂಡು ಬಸ್ಸು ಹತ್ತಿದರು.

“ನಿಂಗೆ ಎರಡೇ! ನಂಗೆ ಮೂರು. ಗಂಡಸರ ಎಲುಬು ಅಂದ್ರೆ ಎಂತ ಅಂದ್ಕಂಡಿದ್ದೆ?”

ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದರು, ಇಳಿದ ಮೇಲೆ ಚಾ ಅಂಗಡಿಯಲ್ಲೂ ಹೇಳಿದರು. ಮನೆಗೆ ಬಂದ ಮೇಲೆ ಸೊಸೆ ಬಿಡಿಸಿ ಹೇಳಿದಳು: “ಮಾವ, ಮೈನಸ್ ಮುಂದಿದ್ರೆ ಅಂಕಿ ದೊಡ್ಡದಾದಷ್ಟೂ ಎಲುಬು ಟೊಳ್ಳು.”

ಇವರು, “ನಂಗೆ ಆಗಲೇ ಅನಿಸಿತ್ತು. ಆ ಮಶೀನೇ ಮುದಿಯಾಗಿದೆ” ಅಂದರು.

ಸೂಜಿ

ಮದುವೆಗೆ ಮೊದಲು ಜ್ವರ ಬಾರದ ಹಾಗೆ ತಡೆಯುವ ಸೂಜಿ ಹಾಕಿಸಿಕೊಳ್ಳಿ ಅಂದರು ಡಾಕ್ಟರು. ನರ್ಸು ಎಡಗೈ ಹಿಡಿದದ್ದೇ ನಾನು ಎಳೆದುಕೊಂಡೆ.

“ತಂಗಿ, ಇದು ಒಳ್ಳೇ ಕೈ. ಪ್ಲಾಸ್ಟರ್ ಹಾಕಿದ ಕೈಗೇ ಚುಚ್ಚು. ಅದು ಹೇಗೂ ಹಾಳಾಗಿದೆ, ಎಲ್ಲಾ ಅದ್ರ ಮೇಲೇ ಮುಗಿದು ಹೋಗಲಿ.”

ಅವಳು ನಕ್ಕಳು. “ಅಜ್ಜಿ, ಇದು ಮಲಗಿದ ಸಿಪಾಯಿಗಳನ್ನು ಎಬ್ಬಿಸುವ ಸೂಜಿ. ಒಂದು ಕಡೆ ಚುಚ್ಚಿದ್ರೂ ಇಡೀ ಮೈಗೆ ಕಾವಲು.” ನನ್ನ ಒಳ್ಳೇ ಕೈಗೇ ಚುಚ್ಚಿ, ಯಜಮಾನರ ಕಡೆ ತಿರುಗಿದಳು. ಇವರಾಗಲೇ ಚಪ್ಪಲಿ ಮೆಟ್ಟಿಕೊಂಡಾಗಿತ್ತು.

“ಇವಳಿಗೆ ಹಾಕಿದ್ದು ಸಾಕು. ನಾವು ಒಂದೇ ಮನೆಯವರು.”

ಬಿಸಿಲು

ಎಲುಬಿಗೆ ಬೆಳಗಿನ ಬಿಸಿಲು ಬೇಕಂತೆ. ಸೊಸೆ ಅಂಗಳದಲ್ಲಿ ಚಾಪೆ ಹಾಸಿ, ಒಂದು ಕಡೆ ಹಪ್ಪಳ, ಒಂದು ಕಡೆ ಹುಳಿಗೆ ಹಾಕುವ ಮುರುಗಲು ಸಿಪ್ಪೆ ಹರವಿ, ನಡುವೆ ನನ್ನನ್ನು ಕೂರಿಸಿ ಕಾಗೆ ಓಡಿಸಲು ಕೋಲು ಕೊಟ್ಟಳು. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕೇಳಿದಳು:

“ಎಂತ ಒಣಗಿಸೂದು ಅಕ್ಕ, ಇವತ್ತು?”

ಸೊಸೆ ಒಳಗಿನಿಂದಲೇ ಅಂದಳು: “ಹಪ್ಪಳ, ಮುರುಗಲು, ಅತ್ತೆ.”

ಚಪ್ಪರ

ಮದುವೆ ದಿನ ನನಗೆ ಜ್ವರ ಇರಲಿಲ್ಲ. ಪ್ಲಾಸ್ಟರೂ ಬಿಚ್ಚಿಯಾಗಿತ್ತು. ಆದರೂ ಸೊಸೆಯದು ಎರಡು ಕಟ್ಟಪ್ಪಣೆ: ಕುರ್ಚಿ ಬಿಟ್ಟು ಏಳಬಾರದು, ಮಾಸ್ಕು ತೆಗೆಯಬಾರದು. ಜನ ಸೇರಿದಲ್ಲಿ ಕೆಮ್ಮು ಹತ್ತಿದರೆ ಮತ್ತೆ ಆಸ್ಪತ್ರೆಯೇ ಗತಿ ಅಂತ ಅವಳ ಹೆದರಿಕೆ. ನನ್ನ ಕೈ ಕಿವಿಯ ಹತ್ತಿರ ಹೋದರೆ ಸಾಕು, ಎಲ್ಲಿದ್ದರೂ “ಅತ್ತೇ!” ಅಂತ ಗದರುತ್ತಿದ್ದಳು.

ಗಂಡಿನ ಕಡೆಯವರು ಭಟ್ಕಳದಿಂದ ಬಂದಿದ್ದರು. ಮದುಮಗನ ಅಜ್ಜಿಗೆ ನನ್ನಷ್ಟೇ ವಯಸ್ಸು, ಸೊಂಟಕ್ಕೆ ಬೆಲ್ಟು. ಆದರೆ ಬಾಯಿಗೆ ಮಾಸ್ಕು ಇರಲಿಲ್ಲ. ಹಾಡಿಗೆ ಕೂತೆವು. ಅವಳ ದನಿ ಚಪ್ಪರದ ತುದಿಗೂ ಕೇಳುತ್ತದೆ. ನನ್ನದು ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ ಗುಂಯ್ ಅನ್ನುತ್ತದೆ. ನಮ್ಮ ಹೆಂಗಸರ ಮುಖವೆಲ್ಲ ಸಣ್ಣಗಾಯಿತು. ಸೋತೆವು ಅಂತಲೇ ಲೆಕ್ಕ.

ಆಗ ಆ ಪುಣ್ಯಾತ್ಗಿತ್ತಿ ರಾಗ ಎಳೆದು ಹೊಸದಾಗಿ ಕಟ್ಟಿ ಹಾಡಿದಳು:

“ಬೀಗತಿ ಕಾಸಿದ ಪಾಯಸದೊಳಗೆ ಬೇಳೆ ಹುಡುಕೂಕೆ ದೋಣಿ ತನ್ನಿ…”

ಚಪ್ಪರವೇ ನಕ್ಕಿತು. ಪಾಯಸ ಕಾಸಿದವಳು ನನ್ನ ಸೊಸೆ. ಬೆಳಗಿನಿಂದ ಕಾಯಿಹಾಲು ಹಿಂಡಿ ತಾನೇ ನಿಂತು ತಿರುವಿದ ಪಾಯಸ ಅದು.

ಸೊಸೆ ಬಡಿಸುವ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದಳು. ನನ್ನ ಮಾಸ್ಕನ್ನು ತಾನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದಳು:

“ಏಳಿ ಅತ್ತೆ, ನಿಂತೇ ಹಾಡಿ! ಜ್ವರ ಬಂದ್ರೆ ನಾ ನೋಡ್ಕಂತೆ.”