ಹಾಡು ಮುಗಿಯುವವರೆಗೆ ಕೈ ಎತ್ತಿ

ಹೊನ್ನಾವರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಫಿಸಿಯೋಥೆರಪಿ ಕ್ಲಿನಿಕ್ಕಿದೆ. ನೋವು ಅಂತ ಬರುವವರ ಜಾಗದಲ್ಲಿ ದಿನಾ ಇಷ್ಟು ನಗು ಎಲ್ಲಿಂದ ಹುಟ್ಟುತ್ತದೋ ದೇವರೇ ಬಲ್ಲ. ಎದುರಿಗೇ ನಗಬಾರದಲ್ಲ, ಹಲ್ಲು ಕಚ್ಚಿ ಕಚ್ಚಿ ನನಗೇ ದವಡೆ ನೋವು ಬಂದದ್ದುಂಟು.

ಸೂಜಿ ಇಲ್ಲದ ಡಾಕ್ಟ್ರು

ಶಿರಾಲಿಯಿಂದ ಒಬ್ಬ ಅಜ್ಜಿಯನ್ನು ಸೊಸೆ ಕರೆತಂದಳು. ಭುಜ ಬಿಗಿದು ಬಲಗೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಮಳೆಗಾಲ ಕಳೆದರೆ ಮೊಮ್ಮಗಳ ಮದುವೆ. ಮದುಮಗಳ ತಲೆಗೆ ಮೊದಲ ಸೇಸೆ, ಅದೇ ಹರಸುವ ಅಕ್ಕಿಕಾಳು, ಅಜ್ಜಿಯೇ ಹಾಕಬೇಕು. ಹಾಡೂ ಅವರದೇ.

"ಎಡಗೈಲಿ ಸೇಸೆ ಹಾಕೂಕೆ ಆತದಾ? ಹುಡುಗಿ ಕೂತ್ರೂ ನನ್ನಷ್ಟೆತ್ತರ ಅದೆ" ಅನ್ನುವಾಗ ಅವರ ಕಣ್ಣು ತುಂಬಿತು.

ನಾನು ಭುಜ ಹಿಡಿದು ಸಾವಕಾಶ ಅಲುಗಿಸಿದೆ. ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಹೋಗುವುದನ್ನು ಕಲಿಸಿದೆ.

"ಸೂಜಿ?" ಅಂದರು ಅಜ್ಜಿ.

"ಇಲ್ಲ ಅಜ್ಜಿ."

"ಗುಳಿಗೆ?"

"ಅದೂ ಇಲ್ಲ."

ಅಜ್ಜಿ ಸೊಸೆಯ ಕಡೆ ತಿರುಗಿದರು. "ಗೋಡೆ ಮುಟ್ಟೂಕೆ ಹೊನ್ನಾವರಕ್ಕೆ ಎಂತಕೆ ಕರ್ಕೊಂಡು ಬಂದೆ? ಶಿರಾಲಿಲಿ ಗೋಡೆ ಇಲ್ಲಾ?"

ಪಾಲಿನ ಫಲ

ಮುಂದಿನ ವಾರ ಅಜ್ಜಿ ಕೂತಿದ್ದಾಗಲೇ ಸಂತೆಗುಳಿಯ ಹಳೇ ರೋಗಿಯೊಬ್ಬರು ಸೊಂಟ ಹಿಡಿದುಕೊಂಡು ಬಂದರು.

"ವ್ಯಾಯಾಮ ಮಾಡಿದ್ರಾ?" ಕೇಳಿದೆ.

"ಯಂಗೆ ಪುರ್ಸೊತ್ತಿಲ್ಲೆ. ಹೆಂಡ್ತಿ ದಿನಾ ಮಾಡ್ತು."

"ಸೊಂಟ ನಿಮ್ಮದಲ್ವಾ ಮಾರಾಯ್ರೆ?"

"ಪೂಜೆಲಿ ಹೆಂಡ್ತಿ ಕೈ ಮುಟ್ಟಿದ್ರೆ ಇಬ್ರಿಗೂ ಫಲ ಇದ್ದು. ಇದೂ ಹಂಗೇ ಅಂದ್ಕಂಡೆ."

ಫಲವೇನೋ ಬಂದಿತ್ತು. ಹೆಂಡತಿಯ ಎಷ್ಟೋ ವರ್ಷದ ಸೊಂಟನೋವು ಹೇಳಹೆಸರಿಲ್ಲದೆ ಹೋಗಿತ್ತಂತೆ. ಇವರದು ಹಾಗೇ ಇತ್ತು.

ಅಜ್ಜಿ ಬಿದ್ದೂ ಬಿದ್ದೂ ನಕ್ಕರು. "ಹಂಗಾರೆ ನಿನ್ನ ಔಷಧಕ್ಕೆ ಗುಣ ಅದೆ ಡಾಕ್ಟ್ರಮ್ಮ. ಮಾಡದವ್ರಿಗೆ ಮಾತ್ರ ತಾಗೂದಿಲ್ಲ!"

ಒಂದೇ ಒಂದು ಹಾಡು

ಅಜ್ಜಿಗೆ ಎಣಿಸುತ್ತ ಕೈ ಎತ್ತುವುದೆಂದರೆ ಬೇಸರ. ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿ ಲೆಕ್ಕ ತಪ್ಪುತ್ತಿದ್ದರು. "ಎಣಿಸಲೇಬೇಡಿ. ಒಂದು ಹಾಡು ಮುಗಿಯುವವರೆಗೆ ಮಾಡಿ" ಅಂದೆ. ಮಹಾ ಜಾಣೆ ನಾನು! ನನ್ನ ಅಂದಾಜೆಲ್ಲ ರೇಡಿಯೋ ಹಾಡಿನದು.

ಮರುದಿನ ಸೊಸೆಯ ಫೋನು ಬಂತು. "ಡಾಕ್ಟ್ರೇ, ಅತ್ತೆ ಬೆಳಿಗ್ಗೆ ಗೋಡೆ ಹಿಡಿದವ್ರು ಇನ್ನೂ ಬಿಡ್ಲಿಲ್ಲ. ಗಂಜಿ ಆರಿ ಹೋತು."

ಅಜ್ಜಿ ಹಿಡಿದದ್ದು ಭತ್ತದ ಸಸಿ ನೆಡುವಾಗಿನ ನೆಟ್ಟಿ ಗದ್ದೆಯ ಹಾಡು. ಗದ್ದೆ ಮುಗಿಯದೆ ಆ ಹಾಡು ಮುಗಿಯುವುದಿಲ್ಲ.

"ಹಾಡು ಎಲ್ಲಿಗೆ ಬಂತು?" ಅಂದೆ.

"ಎಲ್ಲಿ ಬರ್ತದೆ! ಹಾಡಿನ ಹೆಣ್ಣು ಇನ್ನೂ ತವರಿಗೆ ಹೊರಡೂಕೆ ತನ್ನ ಅತ್ತೆ ಹತ್ರ ಅಪ್ಪಣೆ ಕೇಳ್ತಾ ಅದೆ."

ಮೊದಲ ಸೇಸೆ

ಕಡೆಗೆ ಸೇಸೆ ಹಾಡಿನ ಎರಡೇ ನುಡಿ, ಆಮೇಲೆ ವಿಶ್ರಾಂತಿ ಅಂತ ಒಪ್ಪಂದವಾಯಿತು. ಅಜ್ಜಿ ಬಿಡದೆ ಮಾಡಿದರು. ಅವರ ಬೆರಳು ಗೋಡೆ ಕ್ಯಾಲೆಂಡರಿನ ತಳದಿಂದ ಹತ್ತುತ್ತ ಹತ್ತುತ್ತ ಅದರ ಮೊಳೆಯ ಹತ್ತಿರಕ್ಕೆ ಬಂತು. ಒಂದು ದಿನ ತಮ್ಮ ತುರುಬಿಗೆ ತಾವೇ ಅಬ್ಬಲಿಗೆ ಮುಡಿದು ಬಂದು, ನನ್ನ ಮುಂದೆ ಬೇಕಂತಲೇ ಬೆನ್ನು ತಿರುಗಿಸಿ ನಿಂತರು.

ಮದುವೆಗೆ ನನಗೂ ಕರೆಯಿತ್ತು. ಮಂಟಪದಲ್ಲಿ ಅಜ್ಜಿ ಬಲಗೈಯಲ್ಲಿ ಸೇಸೆ ಹಿಡಿದು ಹಾಡು ಎತ್ತಿಕೊಂಡರು. ಕೈ ಎದೆ ದಾಟಿತು, ಭುಜ ದಾಟಿತು, ಮೊಮ್ಮಗಳ ತಲೆಯ ಮೇಲೆ ಹೋಗಿ ನಿಂತಿತು. ಅಕ್ಕಿಕಾಳು ಉದುರಿತು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ.

ಎರಡು ನುಡಿ ಆಯಿತು. ಕೈ ಇಳಿಯಲಿಲ್ಲ. ಇನ್ನೂ ನಾಲ್ಕಾರು ನುಡಿ ಹೋಯಿತು. ಹಿಂದೆ ಸೇಸೆ ಹಿಡಿದ ಹೆಂಗಸರ ಸಾಲು ಊಟದ ಪಂಕ್ತಿಯವರೆಗೆ ಬೆಳೆಯಿತು. ಮದುಮಗ ಆಕಳಿಸಿದ.

"ಅಜ್ಜೀ, ಆತು, ಕೈ ಇಳಿಸಿ" ಅಂದರು ಪುರೋಹಿತರು.

ಅಯ್ಯೋ ದೇವರೇ, ಕೈ ಮೇಲೆಯೇ ಹಿಡಿದುಕೊಂಡಿತೆ! ಚಪ್ಪಲಿ ಅಲ್ಲೇ ಬಿಟ್ಟು ಮಂಟಪಕ್ಕೆ ಓಡಿದೆ. "ಅಜ್ಜೀ, ನೋವಾ? ಇಳೀತಿಲ್ವಾ?"

ಅಜ್ಜಿ ಹಾಡು ನಿಲ್ಲಿಸಿ ನನ್ನನ್ನು ಗದರಿದರು. "ಇಳೀದೆ ಎಂತ? ಮಳೆಗಾಲ ಪೂರಾ ಕಷ್ಟಪಟ್ಟು ಹತ್ತಿಸಿದ ಕೈ. ಊರವ್ರೆಲ್ಲ ಸಮಾ ನೋಡ್ಲಿ, ತಡಿ!"