ಕೊಪ್ಪದಲ್ಲೊಂದು ಹಡಗು ಕಾಯುವ ಅಟ್ಟಣೆ

ನನ್ನ ಕೋಣೆಯ ನಟ್ಟನಡುವೆ ಒಂದು ಮರದ ಏಣಿ. ಅದರ ಐದನೆಯ ಮೆಟ್ಟಿಲು ಸರಿಯಾಗಿ ನನ್ನ ಹಣೆಯ ಎತ್ತರಕ್ಕೆ ಬರುತ್ತದೆ. ಇದನ್ನು ನಾನು ಟೇಪು ಹಿಡಿದು ಕಂಡುಕೊಂಡದ್ದಲ್ಲ.

ಕೊಪ್ಪದ ಕಾಲೇಜಿಗೆ ಚರಿತ್ರೆ ಕಲಿಸಲು ಬಂದವಳು ಖಾದರ್ ಸಾಹೇಬರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದದ್ದು ಮನೆಯ ಚಂದಕ್ಕೆ ಮರುಳಾಗಿ. ಬಾಗಿಲ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಗಾಜು. ಆ ಕಡೆ ಎರಡು ಕಿಟಕಿ, ಈ ಕಡೆ ಎರಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಮೆರಿಕದ ಕಡಲ ತೀರದಲ್ಲಿ ಇಂಥ ಮನೆಗಳಿವೆ, ಅದಕ್ಕೆ ಫೆಡರಲ್ ಶೈಲಿ ಎನ್ನುತ್ತಾರೆ ಎಂದು ಓದುವ ದಿನಗಳಲ್ಲಿ ಲೈಬ್ರರಿಯ ಪುಸ್ತಕವೊಂದರಲ್ಲಿ ನೋಡಿದ್ದೆ. ಅದು ಘಾಟಿ ಹತ್ತಿ ಇಲ್ಲಿಗೆ ಬಂದದ್ದು ಹೇಗೆ? ಸಾಹೇಬರ ಅಜ್ಜ ಏಲಕ್ಕಿ ಮಾರಲು ಮಂಗಳೂರಿಗೆ ಇಳಿದಾಗ ಬಂದರಿನಲ್ಲಿ ಯಾರೋ ಪರದೇಶಿ ವ್ಯಾಪಾರಿಯ ಮನೆ ಕಂಡು ಮನಸೋತರಂತೆ. ತಮ್ಮ ಬಡಗಿಯನ್ನು ಅಲ್ಲಿಗೆ ಕಳಿಸಿ, "ನೋಡಿಕೊಂಡು ಬಾ, ಒಂದನ್ನೂ ಬಿಡಬಾರದು" ಎಂದರಂತೆ. ಅವನು ಬಿಡಲಿಲ್ಲ. ಹಡಗು ಬರುವುದನ್ನು ನೋಡಲೆಂದು ಆ ಮನೆಯ ಮಾಡಿನ ಮೇಲೊಂದು ಕಟಕಟೆಯ ಅಟ್ಟಣೆಯಿತ್ತು, ಅದನ್ನೂ ಕಟ್ಟಿದ. ಕೊಪ್ಪಕ್ಕೂ ಸಮುದ್ರಕ್ಕೂ ನಡುವೆ ಇಡೀ ಘಟ್ಟವೇ ಅಡ್ಡವಿದೆ ಎಂದು ಹೇಳುವುದು ಅವನ ಕೆಲಸವಾಗಿರಲಿಲ್ಲ. ಆ ಅಟ್ಟಣೆಗೆ ಹತ್ತುವುದು ನನ್ನ ಕೋಣೆಯ ಏಣಿಯಿಂದಲೇ.

ಒಂದೇ ವಾರದಲ್ಲಿ ಮೂರನೆಯ ಸಲ ಹಣೆ ಊದಿಕೊಂಡಾಗ ಸಾಹೇಬರಿಗೆ ದೂರು ಕೊಟ್ಟೆ.

"ಅಷ್ಟೇನಾ ಮೇಡಂ? ಅಟ್ಟಣೆ ಹ್ಯಾಗೂ ದಂಡ. ಏಣಿಯ ಜೊತೆಗೆ ಅದನ್ನೂ ಕೀಳಿಸ್ತೇನೆ. ನಾಳೆ ಬೆಳಿಗ್ಗೆಯೇ ಬಡಗಿ ಬರ್ತಾನೆ."

ಥ್ಯಾಂಕ್ಸ್ ಹೇಳಿ ಮೇಲೆ ಬಂದೆ. ಹೇಳಲಾಗದೆ ಉಳಿದದ್ದು ಇಷ್ಟು: ದಿನಾ ಸಂಜೆ ಕೋಣೆಗೆ ಚಿಲಕ ಹಾಕಿ ನಾನು ಅಲ್ಲಿಗೆ ಹತ್ತುತ್ತೇನೆ. ಪಶ್ಚಿಮಕ್ಕೆ ಗುಡ್ಡದ ಹಿಂದೆ ಗುಡ್ಡ, ನೀಲಿಯ ಹಿಂದೆ ನೀಲಿ. ಬೆಳಕು ಇಳಿಯುತ್ತಿದ್ದಂತೆ ಅವು ಮೆಲ್ಲಗೆ ಏರಿಳಿಯುತ್ತವೆ. ಆ ಹೊತ್ತಿಗೆ ಅದು ನೀರಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾರರು. ತರಗತಿಯಲ್ಲಿ ನಕ್ಷೆ ತೂಗುಹಾಕಿ ಪಾಠ ಮಾಡುವ ನಾನು ಒಮ್ಮೆ ಒಂದು ಬಿಳಿ ಮೋಡವನ್ನು, ಹಾಯಿಯೇ ಇರಬೇಕೆಂದು, ಅದು ಕರಗುವವರೆಗೂ ಕಾದಿದ್ದೇನೆ. ಇಂಥದನ್ನೆಲ್ಲ ಮನೆ ಮಾಲೀಕರಿಗೆ ಹೇಳಲಾಗುತ್ತದೆಯೆ?

ಆ ಸಂಜೆ, ಕೊನೆಯ ಸಲವೆಂದುಕೊಂಡು ಹತ್ತಿ ಇಳಿದು ನೀರಿಗೆಂದು ಕೆಳಗೆ ಹೋದೆ. ಸಾಹೇಬರ ತಾಯಿ ಬೂಬಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಸಾಹೇಬರು ಚಹಾ ಕುಡಿಯುತ್ತಿದ್ದರು.

"ಎಂತ ಮೇಡಂ, ಏಣಿ ಕೀಳಿಸ್ಲಿಕ್ಕೆ ಹೇಳಿದ್ರಂತೆ? ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ದಿನಾ ಹತ್ತುತ್ತಿದ್ದೆ. ಈಗ ಮಂಡಿ ಬಿಡೂದಿಲ್ಲ. ನೀವು ಹತ್ತುವ ಸದ್ದು ಕೇಳಿದ್ರೆ ಒಂದು ಸಮಾಧಾನ, ಯಾರೋ ಒಬ್ಬರು ನೋಡ್ತಾ ಇದ್ದಾರಲ್ಲ ಅಂತ."

ಕಿವಿ ಬಿಸಿಯಾಯಿತು. "ಅಲ್ಲಿಂದ ಸಮುದ್ರ ಕಾಣೂದಿಲ್ಲ ಅಜ್ಜಿ" ಎಂದೆ, ಚರಿತ್ರೆಯ ಮೇಷ್ಟರ ದನಿಯಲ್ಲಿ.

"ಅದು ನಂಗೊತ್ತಿಲ್ವಾ ಮಾರಾಯ್ರೆ? ಕಾಣದಿದ್ದ ಮೇಲೆ ನೀವು ದಿನಾ ಎಂತಕ್ಕೆ ಹತ್ತೂದು?"

ಸಾಹೇಬರು ಚಹಾದ ಲೋಟದೊಳಗೇ ನಕ್ಕರು. ನಾನು ಚಿಲಕ ಹಾಕಿ ಕಾಪಾಡಿದ್ದ ಗುಟ್ಟು ಇಷ್ಟು ದಿನವೂ ಮೆಟ್ಟಿಲು ಮೆಟ್ಟಿಲಿಗೂ ಕಿರ್ರೆಂದು ಕೂಗಿಕೊಂಡೇ ಹತ್ತುತ್ತಿತ್ತು.

"ಏಣಿ ಇರಲಿ ಸಾಹೇಬ್ರೆ" ಎಂದೆ.

"ಮತ್ತೆ ಹಣೆ?"

"ಹಣೆ ನನ್ನದಲ್ವಾ."

ಮರುದಿನ ಬೆಳಿಗ್ಗೆ ಹಳೆಯ ಟವೆಲೊಂದನ್ನು ಐದನೆಯ ಮೆಟ್ಟಿಲಿಗೆ ಮೂರು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದೆ. ಕಟ್ಟಿದ್ದು ಅಂದವಾಗಿದೆಯೇ ಎಂದು ಹಿಂದೆ ಸರಿದು ನೋಡಿ, ಕಾಲೇಜಿಗೆ ತಡವಾಯಿತೆಂದು ಧಾವಿಸಿ, ಅದಕ್ಕೇ ಹಣೆ ಹೊಡೆದುಕೊಂಡೆ. ಮೆತ್ತಗಿತ್ತು.