ದ್ರಾಕ್ಷಿ ಗಾಣದ ಜಾಗದಲ್ಲಿ ಬಂದು ಕೂತ ಲೇಥಿನವರಿಗೆ

ಲಿಪಿನಾ, ದಕ್ಷಿಣ ಮೊರಾವಿಯಾ
ದ್ರಾಕ್ಷಿ ಕೊಯ್ಲು ಮುಗಿದ ವಾರ

ಲೋಹ ಕಡೆಯುವ ಮಾನ್ಯ ಲೇಥ್ ಯಂತ್ರದವರೇ,

ತಮ್ಮ ಉಕ್ಕಿನ ಮೈಗೆ ತುಕ್ಕು ಸೋಕದಿರಲಿ, ತಮ್ಮ ಬೆಲ್ಟು ಸದಾ ಬಿಗಿಯಾಗಿರಲಿ, ತಮ್ಮ ಹಲ್ಲುಚಕ್ರಗಳು ಒಂದರ ಮೇಲೊಂದು ಮುನಿಸಿಕೊಳ್ಳದಿರಲಿ ಎಂದು ಹಾರೈಸುತ್ತ, ಅಲೋಯಿಸರ ಮಗಳಾದ ನಾನು, ತಮ್ಮೆದುರು ನಿಂತು ಮಾತಾಡುವ ಧೈರ್ಯ ಸಾಲದೆ, ಈ ಪತ್ರವನ್ನು ಊರ ಸೂಚನಾ ಫಲಕಕ್ಕೆ ಅಂಟಿಸಲು ತೀರ್ಮಾನಿಸಿದ್ದೇನೆ.

ತಾವು ನಮ್ಮ ಮನೆಗೆ ಬರಲು ಕಾರಣವಾದದ್ದು ಒಂದು ನಟ್ಟು. ನಮ್ಮ ದ್ರಾಕ್ಷಿ ಗಾಣದ ನಡುಗಂಬದ ಮೇಲೆ ತಿರುಗುವ, ಮಗುವಿನ ತಲೆಯಷ್ಟು ದಪ್ಪದ ಆ ಕಂಚಿನ ನಟ್ಟಿನ ಹಲ್ಲು ಸವೆದುಹೋಗಿ, ಈ ವರ್ಷದ ದ್ರಾಕ್ಷಿಯನ್ನು ಹಿಂಡುವುದು ಹೇಗೆಂಬ ಪ್ರಶ್ನೆ ವಸಂತದಲ್ಲೇ ಎದ್ದಿತು. "ಪಕ್ಕದೂರಿನ ಲೇಥ್ ಅಂಗಡಿಗೆ ಕೊಟ್ರೆ ಒಂದು ಮಧ್ಯಾಹ್ನದ ಕೆಲ್ಸ, ಅಲೋಯಿಸ್," ಎಂದಳು ಅಮ್ಮ. "ಒಂದು ಮಧ್ಯಾಹ್ನಕ್ಕೋಸ್ಕರ ಬೇರೆಯವರ ಮನೆ ಬಾಗ್ಲಿಗೆ ಹೋಗ್ಬೇಕಾ? ನಮ್ದೇ ಒಂದು ಲೇಥ್ ಇದ್ರೆ ಆಯ್ತಪ್ಪ," ಎಂದ ಅಪ್ಪ. ಒಂದು ಮಧ್ಯಾಹ್ನವನ್ನು ಉಳಿಸಲು ಇಡೀ ಬೇಸಿಗೆಯನ್ನು ಖರ್ಚು ಮಾಡುವ ಉದಾರ ಯೋಜನೆ ಹೀಗೆ ಆರಂಭವಾಯಿತು.

ತಮಗೆ ಪ್ರತಿಸ್ಪರ್ಧಿಗಳೇ ಇರಲಿಲ್ಲವೆಂದು ತಾವು ಭಾವಿಸಬಾರದು. ಮೇಜಿನ ಮೇಲೆ ಕೂರುವಂಥ, ಇಬ್ಬರು ಎತ್ತಬಹುದಾದ, ಮಿರಿಮಿರಿ ಮಿಂಚುವ ಹೊಸ ಲೇಥೊಂದನ್ನು ನೋಡಿಬಂದ ಪಕ್ಕದ ಮನೆಯ ಹಿನೆಕ್ ಮಾವ, "ಅದು ಲೇಥಲ್ಲ ಕಣಯ್ಯ, ಕಾಫಿ ಪುಡಿ ಮಾಡೋ ಮಿಷನ್ನು. ಉಕ್ಕು ತೋರಿಸಿದ್ರೆ ಅದಕ್ಕೇ ನಡುಕ ಬರತ್ತೆ," ಎಂದು ತೀರ್ಪು ಕೊಟ್ಟ. ಅದಕ್ಕಿಂತ ತುಸು ದೊಡ್ಡದೊಂದಕ್ಕೆ ನಮ್ಮ ನಟ್ಟನ್ನು ಹಿಡಿಯುವಷ್ಟು ಬಾಯಿಯೇ ಇರಲಿಲ್ಲ. ಕೊನೆಗೆ, ಮುಚ್ಚಿಹೋದ ಯಾವುದೋ ತರಬೇತಿ ಶಾಲೆಯ ಮೂಲೆಯಲ್ಲಿ, ಗೂಳಿಯಂತೆ ಗಂಭೀರವಾಗಿ ನಿಂತಿದ್ದ ತಮ್ಮ ದರ್ಶನವಾಯಿತು. ಅಪ್ಪ ತಮ್ಮ ಹಾಸಿನ ಮೇಲೆ ಬೆರಳಾಡಿಸಿ ಸವೆತ ಹುಡುಕಿದ, ಹಿಡಿಕೆಗಳನ್ನು ಹಿಂದೆ ಮುಂದೆ ತಿರುಗಿಸಿ ಸಡಿಲ ನೋಡಿದ, ಮೈ ನಡುಗುತ್ತದೆಯೇ ಎಂದು ನೋಡಲು ತಾವು ಓಡುತ್ತಿರುವಾಗಲೇ ತಮ್ಮ ತಲೆಯ ಮೇಲೆ ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿದ. ನಾಣ್ಯ ಬೀಳಲಿಲ್ಲ, ತಮ್ಮ ಮೋಹದಲ್ಲಿ ಅಪ್ಪ ಬಿದ್ದ. "ಮದ್ವೆಗೆ ಮುಂಚೆ ನನ್ನನ್ನೂ ಇಷ್ಟು ಹೊತ್ತು ನೋಡಿರ್ಲಿಲ್ಲ," ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಇನ್ನು ತಮ್ಮ ವಾಸಕ್ಕೆ ಜಾಗ. ಪ್ರತಿ ಬೇಸಿಗೆಯಲ್ಲೂ ನಮ್ಮೂರಿನವರು ತಂತಮ್ಮ ಗಾಣವನ್ನು ಬಿಚ್ಚಿ, ಅಂಗಳಕ್ಕೆ ತಂದು, ಹಲಗೆಗಳನ್ನು ತಿಕ್ಕಿ ತೊಳೆದು ಒಣಗಿಸುತ್ತಾರೆ. ಅದೇ ವಾರ ಗಾಣದ ಕೋಣೆಯನ್ನು ಅಳೆಯಲು ಅಪ್ಪನೂ ಮಾವನೂ ಟೇಪು ಹಿಡಿದು ಬಂದರು. ಆ ಕೋಣೆಗೆ ಕಾಲಿಟ್ಟವರು ಒಂದು ಲೋಟ ವೈನ್ ಕುಡಿಯದೆ ಹೊರಡುವಂತಿಲ್ಲವಾದ್ದರಿಂದ ಅಳತೆಯನ್ನು ಹಲವು ಲೋಟಗಳಷ್ಟು ಎಚ್ಚರಿಕೆಯಿಂದ ಮಾಡಲಾಯಿತು. ಬಾಗಿಲನ್ನು ಅಳೆದರು, ಗೋಡೆಯನ್ನು ಅಳೆದರು, ಕೊನೆಗೆ ತಂತಮ್ಮ ಕಾಲುಗಳ ನಡುವಿನ ಅಂತರವನ್ನೂ ಅಳೆದರು. "ಕುಣಿಯೋಕೂ ಜಾಗ ಇದೆಯಲ್ಲೋ," ಎಂದ ಮಾವ. ಹೊರಗೆ ಗಾಣ ಬಿಸಿಲು ಕಾಯಿಸುತ್ತ ಸುಮ್ಮನೆ ನಿಂತಿತ್ತು. ಇಷ್ಟು ದೊಡ್ಡ ಕೋಣೆ ನಮ್ಮ ಮನೆಯಲ್ಲಿ ಯಾವಾಗಿನಿಂದ ಇದೆ ಎಂದು ಯಾರೂ ಕೇಳಲಿಲ್ಲ. ಹೀಗಾಗಿ ಟ್ರ್ಯಾಕ್ಟರ್ ಮೇಲೆ ಬಂದಿಳಿದ ತಮ್ಮನ್ನು ಆ ಕೋಣೆಯ ನಟ್ಟನಡುವೆ ಕಾಂಕ್ರೀಟು ಹಾಕಿ, ಬೋಲ್ಟು ಬಿಗಿದು ಪ್ರತಿಷ್ಠಾಪಿಸಲಾಯಿತು.

ಬಂದ ತಾವು ಮೊದಲು ನಟ್ಟು ಮಾಡುವಿರೆಂದು ನಂಬಿದ್ದು ನಮ್ಮ ಅಜ್ಞಾನ. ತಾವು ಮೊದಲು ತಮಗೊಂದು ಹಿಡಿಕೆ ಮಾಡಿಸಿಕೊಂಡಿರಿ, ಆಮೇಲೆ ತಮ್ಮದೇ ಅಚ್ಚಿಗೆ ತೊಡಿಸುವ ಬುಷ್ಷೆಂಬ ಬಳೆ, ಆಮೇಲೆ ಆ ಬುಷ್ಷನ್ನು ಕೂರಿಸಲು ಬೇಕಾದ ಸಲಕರಣೆ. ಅಷ್ಟರಲ್ಲಿ ದ್ರಾಕ್ಷಿಗೆ ಸಿಹಿ ತುಂಬಿ, ಗೊರವಂಕಗಳು ಹಿಂಡಾಗಿ ಇಳಿದು, ಮಳೆಯ ಮೋಡವೂ ಕಾಣಿಸಿಕೊಂಡಿತು. "ಹಣ್ಣು ಕೊಳೆತ್ರೆ ಈ ವರ್ಷ ಪೀಪಾಯಿ ಖಾಲಿ. ಚಳಿಗಾಲಕ್ಕೆ ನಿನ್ನ ಮಿಷನ್ ಎಣ್ಣೇನೇ ಕುಡಿ," ಎಂದು ಅಮ್ಮ ಬಾಗಿಲಲ್ಲಿ ನಿಂತು ಎಚ್ಚರಿಸಿದ ಮೇಲೆಯೇ ತಮಗೆ ನಟ್ಟಿನ ನೆನಪಾದದ್ದು. ಆದರೆ ಸತ್ಯ ಹೇಳಬೇಕು: ನಟ್ಟು ಅದ್ಭುತವಾಗಿತ್ತು. ಬೆರಳ ತುದಿಯಿಂದ ತಳ್ಳಿದರೆ ರೇಷ್ಮೆಯಂತೆ ಇಳಿಯುತ್ತಿತ್ತು. ಅಪ್ಪ ಅದನ್ನು ಕೂಸಿನಂತೆ ಎತ್ತಿಕೊಂಡು ಊರೆಲ್ಲ ತೋರಿಸಿದ. ಬಳಿಕ ಗಾಣವನ್ನು ಒಳಗೆ ತರಲೆಂದು ಆರು ಮಂದಿ ಅದನ್ನೆತ್ತಿ ಹೊಸ್ತಿಲ ತನಕ ಬಂದರು; ಬಂದು, ತಮ್ಮನ್ನು ನೋಡಿದರು.

ಆರೂ ಮಂದಿ ಗಾಣವನ್ನು ಹೊಸ್ತಿಲಲ್ಲೇ ಇಳಿಸಿದರು. "ಈಗ ಕುಣೀರಪ್ಪ," ಎಂದಳು ಅಮ್ಮ.

ತಾವು ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲವಾಗಿ ಅಂಗಳದಲ್ಲೇ, ಜಿನುಗುಮಳೆಯಲ್ಲೇ ಗಾಣ ಹೂಡಿದೆವು. ಟಾರ್ಪಾಲಿನ ನಾಲ್ಕು ಮೂಲೆಗಳನ್ನು ನಾಲ್ಕು ಮನೆಯವರು ಹಿಡಿದರು. ದಾರಿಯಲ್ಲಿ ಹೋಗುವವರೆಲ್ಲ ಅದರಡಿ ನುಗ್ಗಿ ಗಾಣ ತಿರುಗಿಸುವ ಸರಳು ತಳ್ಳಿದರು, ಹಾಡಿದರು, ಕುಡಿದರು. ಹೀಗೆ ಹಣ್ಣು ಉಳಿಯಿತು, ರಸ ಪೀಪಾಯಿ ಸೇರಿತು, ಆದರೆ ಕಳೆದ ವರ್ಷದ ವೈನ್ ಮಾತ್ರ ತಳ ಕಂಡಿತು. ರಸದ ರುಚಿ ನೋಡಿದ ಅಮ್ಮ ತುಟಿ ಒರೆಸಿಕೊಂಡು, "ಮುಂದಿನ ವರ್ಷಾನೂ ಇಲ್ಲೇ ಹಿಂಡೋಣ. ಒಳಗೆ ಸೆಖೆ," ಎಂದಳು. ಅಪ್ಪ ತಮ್ಮ ಕಡೆ ತಿರುಗಿ ನಿಟ್ಟುಸಿರು ಬಿಟ್ಟದ್ದನ್ನು ನಾನು ಕಂಡೆ.

ಆದ್ದರಿಂದ ತಮ್ಮನ್ನು ಕದಲಿಸಬೇಕೆಂದು ಬರೆಯಲಿದ್ದ ಬೇಡಿಕೆಯನ್ನು ಕೈಬಿಟ್ಟು ಬೇರೊಂದು ವಿನಂತಿ ಮಾಡುತ್ತೇನೆ: ಗಾಣದ ಜಾಗ ಪಡೆದವರು ಗಾಣದ ಕರ್ತವ್ಯವನ್ನೂ ವಹಿಸಿಕೊಂಡು, ವರ್ಷಕ್ಕೊಂದು ಪೀಪಾಯಿಯನ್ನಾದರೂ ತಾವೇ ತುಂಬಿಸಿಕೊಡಬೇಕು. ಬಿಳಿ ವೈನ್ ಆದರೆ ಅಮ್ಮನಿಗೆ ಇಷ್ಟ.

ತಮ್ಮ ವಿಶ್ವಾಸಿ, ತಾವು ಉದುರಿಸುವ ಲೋಹದ ಸಿಪ್ಪೆ ಗುಡಿಸುವವಳೂ ಆದ,
ಝೋರಾ

ತಾ.ಕ.: ತಮಗೆ ಜೊತೆಯಾಗಿ ಲೋಹ ಕೊರೆಯುವ ಒಂದು ಮಿಲ್ಲಿಂಗ್ ಯಂತ್ರವಿದ್ದರೆ ಚೆನ್ನಾಗಿತ್ತೆಂದು ಅಪ್ಪ ಊಟದ ಹೊತ್ತಿನಲ್ಲಿ ಗಾಳಿಯೊಂದಿಗೆ ಮಾತಾಡುತ್ತಿದ್ದಾನೆ. ಇಂದು ಬೆಳಿಗ್ಗೆ ಬಹಳ ಅಕ್ಕರೆಯಿಂದ, "ನಿನ್ನ ಪುಸ್ತಕದ ಬೀರು ಧೂಳು ಹಿಡಿದಿದೆ ಮಗಳೇ, ಒಂದು ವಾರ ಅಂಗಳದಲ್ಲಿಟ್ಟು ಬಿಸಿಲು ಕಾಣಿಸೋಣ್ವಾ?" ಎಂದು ಕೇಳಿದ. ಈ ಪತ್ರವನ್ನು ನನ್ನ ಕೋಣೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡು, ಬೀರುವಿಗೆ ಬೆನ್ನು ಕೊಟ್ಟು ಕೂತು ಬರೆದಿದ್ದೇನೆ.